ಮುರಿದದ್ದು, ಮುರಿದುಹೋದದ್ದು

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮೂಡಿಗೆರೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಆರು ಇಂಗ್ಲಿಷ್ ಯಂತ್ರ, ಎರಡು ಕನ್ನಡ ಯಂತ್ರ. ಬೆಳಿಗ್ಗೆ ಕಾಲೇಜಿನ ಹುಡುಗಿಯರು ಬಂದು ಕುಟ್ಟುತ್ತಿದ್ದರು. ಮಧ್ಯಾಹ್ನವೆಲ್ಲ ಎಸ್ಟೇಟುಗಳ ಪತ್ರವ್ಯವಹಾರ. ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಿಕೊಳ್ಳಬಹುದು ಎಂದಾದ ಮೇಲೆ ಹೊರದೇಶಕ್ಕೆ ಕಾಗದ ಬರೆಸುವವರು ಹೆಚ್ಚಾಗಿದ್ದರು. ನನ್ನ ಇಂಗ್ಲಿಷ್ ಚೆನ್ನಾಗಿತ್ತು. ಅದು ನನಗೂ ಗೊತ್ತಿತ್ತು.

ಕಳಸದ ರಸ್ತೆಯಲ್ಲಿ ತೋಟವಿದ್ದ ಯಜಮಾನರೊಬ್ಬರು ಒಂದು ದಿನ ದಪ್ಪ ಲಕೋಟೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಕೊಲಂಬಿಯಾದ ಪಲ್ಪರ್ ಯಂತ್ರದ ಕೈಪಿಡಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಅಂಟನ್ನೂ ಕಡಿಮೆ ನೀರಿನಲ್ಲಿ ತೆಗೆಯುವ ಹೊಸ ಯಂತ್ರವಂತೆ.

"ಎಂತ ಬರ್ದಿದಾರೆ ನೋಡಮ್ಮ. ಅಕ್ಷರ ಇಂಗ್ಲಿಷಿಂದು, ಮಾತು ಮಾತ್ರ ಬೇರೆ ಎಂತದೋ."

"ಇದು ಸ್ಪ್ಯಾನಿಷ್, ಸಾರ್."

"ನಿಂಗೆ ಬರ್ತದಾ?"

"ಈಗ ಬರಲ್ಲ. ಕಲೀತೀನಿ."

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದೆ. ಆದರೆ ಹೇಳಿದ್ದನ್ನು ಮಾಡದೆ ಬಿಡುವ ಜಾಯಮಾನ ನನ್ನದಲ್ಲ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಹಳೆಯ ಪುಸ್ತಕದ ಅಂಗಡಿಯಲ್ಲಿ ರಟ್ಟು ಹರಿದ ಒಂದು ಸ್ಪ್ಯಾನಿಷ್ ಪಾಠದ ಪುಸ್ತಕ ಹುಡುಕಿ ತಂದೆ. ದಿನಕ್ಕೊಂದು ಪುಟ. ಕ್ರಿಯಾಪದಗಳ ಪಟ್ಟಿಯನ್ನು ಟೈಪ್ ಮಾಡಿ, ನಮ್ಮ ಯಂತ್ರದಲ್ಲಿ ಇಲ್ಲದ ಗೀರುಗಳನ್ನೂ ಬಾಲಗಳನ್ನೂ ಕೆಂಪು ಪೆನ್ನಿನಲ್ಲಿ ಹಾಕಿ ಗೋಡೆಗೆ ಅಂಟಿಸುತ್ತಿದ್ದೆ. ಟೈಪಿಂಗ್ ಕಲಿಯಲು ಬಂದ ಹುಡುಗಿಯರು ಅದನ್ನು ಪರೀಕ್ಷೆಗೆ ಬರುವ ಪಾಠವೆಂದುಕೊಂಡು ಎರಡು ದಿನ ನಕಲು ಮಾಡಿದ್ದರು.

ಒಂಬತ್ತನೆಯ ಪಾಠದವರೆಗೆ ಸಲೀಸಾಗಿ ಬಂದೆ. ಹತ್ತನೆಯದರಲ್ಲಿ ಗಾಡಿ ನಿಂತಿತು. ಮಾಡುವವನೂ ಅವನೇ, ಮಾಡಿಸಿಕೊಳ್ಳುವವನೂ ಅವನೇ ಆಗಿರುವ ಕ್ರಿಯಾಪದಗಳು ಎಂದು ಆ ಪುಸ್ತಕ ಮೂರು ಪುಟ ವಿವರಿಸಿತ್ತು. 'ಲವಾರ್' ಎಂದರೆ ತೊಳೆಯುವುದು. ಅದಕ್ಕೆ 'ಸೆ' ಸೇರಿಸಿ 'ಲವಾರ್ಸೆ' ಎಂದರೆ ತನ್ನನ್ನು ತಾನು ತೊಳೆಯುವುದು. ಇಂಗ್ಲಿಷಿನ ಮೂಲಕ ಓದುತ್ತಿದ್ದ ನನಗೆ ಅದು ತಲೆಗೇ ಹತ್ತಲಿಲ್ಲ. ಕೈ ತೊಳೆಯುವುದಕ್ಕೆ ತನ್ನನ್ನು ತಾನು ಯಾಕೆ ಎಳೆದು ತರಬೇಕು? ಹದಿನೈದು ದಿನ ಅದೇ ಪುಟದಲ್ಲಿ ಕೂತೆ.

ಒಂದು ಬೆಳಿಗ್ಗೆ ಪುಸ್ತಕವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಅಮ್ಮನಿಗೆ ರೇಗಿತು.

"ಆ ಪುಸ್ತಕ ಅತ್ಲಾಗಿಡು. ಮೊದ್ಲು ಲೋಟ ತೊಳಿ, ಆಮೇಲೆ ಕೈ ತೊಳ್ಕೊ. ತಲೆನಾದ್ರೂ ಬಾಚ್ಕೊ, ಎಂತ ಅವತಾರ ಇದು!"

ಲೋಟ ತೊಳಿ. ಕೈ ತೊಳ್ಕೊ. ನಾನು ಕೈಯಲ್ಲಿ ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಇಂಗ್ಲಿಷಿನವರು ಮೂರು ಪುಟ ತಿಣುಕಿದ್ದನ್ನು ನಮ್ಮ ಅಮ್ಮ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ನಮ್ಮ 'ಕೊಳ್ಳು' ಅವರ 'ಸೆ'. ಆ ದಿನ ಮಧ್ಯಾಹ್ನದೊಳಗೆ ಪಾಠದ ಅಭ್ಯಾಸಗಳನ್ನೆಲ್ಲ ಮುಗಿಸಿದೆ. ಎಲ್ಲ ಕಡೆಯೂ ಆ ಉಪಾಯ ನಡೆಯಲಿಲ್ಲ ಎನ್ನುವುದು ನಿಜ. 'ಈರ್' ಎಂದರೆ ಹೋಗುವುದು. ಅದಕ್ಕೆ 'ಸೆ' ಸೇರಿದರೆ ಹೊರಟುಹೋಗುವುದು. ಅಲ್ಲಿ ಕೊಳ್ಳು ಬರುವುದಿಲ್ಲ. ಆದರೂ ಹೋಗು, ಹೊರಟುಹೋಗು ಎಂಬ ಜೋಡಿ ನಮ್ಮಲ್ಲಿ ಇದ್ದೇ ಇತ್ತು. ಅಲ್ಲಿಂದ ಮುಂದೆ ನಾನು ಆ ಭಾಷೆಯನ್ನು ಇಂಗ್ಲಿಷಿನ ಬಾಗಿಲಿನಿಂದ ನೋಡುವುದನ್ನೇ ಬಿಟ್ಟೆ.

ಕೈಪಿಡಿಯನ್ನು ಪೂರ್ತಿ ಓದಿ ಹೇಳಿದೆ. ಯಜಮಾನರು ಯೋಚಿಸಿ, ವಿಚಾರಿಸಿ, ಯಂತ್ರ ತರಿಸುವ ಹೊತ್ತಿಗೆ ಎರಡು ಸಾವಿರದ ಇಸವಿಯೂ ದಾಟಿತ್ತು. ಅದನ್ನು ಜೋಡಿಸಿ ಕೊಡಲು ಆ ದೇಶದಿಂದಲೇ ಒಬ್ಬ ಮೆಕ್ಯಾನಿಕ್ ಬಂದರು. ಐವತ್ತರ ಆಸುಪಾಸು, ಕುಳ್ಳು, ಗಟ್ಟಿ ಕೈಗಳು, ಸದಾ ತೊಳೆದ ಅಂಗಿ. ಅವರದೂ ಕಾಫಿ ಬೆಳೆಯುವ ಬೆಟ್ಟದ ಊರೇ. ಇಂಗ್ಲಿಷ್ ಮಾತ್ರ ಒಂದಕ್ಷರ ಬಾರದು. ಯಜಮಾನರು ದುಭಾಷಿಯಾಗಿ ನನ್ನನ್ನು ಕರೆದರು. ಹಣ್ಣಿನ ಕಾಲ. ಇನ್‌ಸ್ಟಿಟ್ಯೂಟನ್ನು ಮಧ್ಯಾಹ್ನ ಮುಚ್ಚಿ ದಿನಾ ಜೀಪಿನಲ್ಲಿ ತೋಟಕ್ಕೆ ಹೋಗತೊಡಗಿದೆ.

ಮೊದಲನೆಯ ದಿನವೇ ಎಡವಿದೆ. ಬಂಗಲೆಯ ಜಗಲಿಯಲ್ಲಿ ಕುರ್ಚಿ ತೋರಿಸಿ ಬಹಳ ಠೀವಿಯಿಂದ "ಸಿಯೆಂತಸೆ" ಎಂದೆ. ಅವರು ಕೂರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನಗುತ್ತಾ ಏನೋ ಹೇಳಿದರು. ನಿಧಾನಕ್ಕೆ ಇನ್ನೊಮ್ಮೆ ಹೇಳಿದಾಗ ತಿಳಿಯಿತು: "ಅನುಭವಿಸ್ತಾ ಇದೀನಿ ಅಮ್ಮಾ, ಆದ್ರೆ ಕೂತ್ಕೊಳ್ಳೋದು ಯಾವಾಗ?" ಕೂತುಕೊಳ್ಳಿ ಎನ್ನಲು 'ಸಿಯೆಂತೆಸೆ' ಎನ್ನಬೇಕು. ನಾನಂದದ್ದು, ಅನುಭವಿಸಿ ಎಂದು. ಒಂದು ಸ್ವರದ ವ್ಯತ್ಯಾಸ. ನಾನೂ ನಕ್ಕೆ. ಆ ತಪ್ಪನ್ನು ಮತ್ತೆಂದೂ ಮಾಡಲಿಲ್ಲ.

ಪುಸ್ತಕದ ಸ್ಪ್ಯಾನಿಷಿಗೂ ಅವರ ಬಾಯಿಯ ಮಾತಿಗೂ ಅಜಗಜಾಂತರ. ಹೇಗಿದ್ದೀರಿ ಎನ್ನಲು ಪುಸ್ತಕದಲ್ಲಿ ಉದ್ದದ ವಾಕ್ಯವಿತ್ತು. ಅವರು ಎದುರಾದ ಕೂಡಲೇ "ಕ್ಯೂಬೊ" ಎನ್ನುತ್ತಿದ್ದರು, ಅಷ್ಟೇ. ಸರಿ, ಮಾಡು, ನಡೀಲಿ ಎನ್ನುವುದಕ್ಕೆಲ್ಲ ಅವರದು ಒಂದೇ ಮಾತು, "ಆಗಲೆ". ಇದು ನಮ್ಮ ಮೇಸ್ತ್ರಿಗೆ ಬಹಳ ಹಿಡಿಸಿತು. ತೋಟದ ಆಳುಗಳನ್ನು ನೋಡಿಕೊಳ್ಳುತ್ತಿದ್ದ ಆತ ಯಾರು ಏನೇ ಹೇಳಲಿ, "ಆಗ್ಲಿ" ಎನ್ನುವ ಮನುಷ್ಯ. ಅವರು "ಆಗಲೆ" ಎನ್ನುವುದು, ಇವನು "ಆಗ್ಲಿ" ಎನ್ನುವುದು, ಇಬ್ಬರೂ ಸೇರಿ ಒಂದು ಕಬ್ಬಿಣದ ತೊಲೆ ಎತ್ತುವುದು. ಎರಡನೆಯ ದಿನ ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು, "ಇವರಿಗೆ ನಮ್ಮ ಭಾಷೆ ಕಲಿಸಿದವರು ಯಾರು?" ಎಂದು ಕೇಳಿದರು.

ಯಂತ್ರದ ಜೋಡಣೆ ಮುಗಿಯಿತು, ತಿರುಗಿತು, ಎರಡು ದಿನ ಚೆನ್ನಾಗಿ ಓಡಿತು. ಮೂರನೆಯ ದಿನ ಮೂರು ಗಂಟೆಯ ಹೊತ್ತಿಗೆ, ಅಂದು ಕೊಯ್ದ ಹಣ್ಣೆಲ್ಲ ಶೆಡ್ಡಿಗೆ ಬಂದು ಬಿದ್ದಿರುವಾಗ, ಒಳಗಿನಿಂದ ಟಣ್ ಎಂದು ಸದ್ದಾಯಿತು. ಮೆಕ್ಯಾನಿಕ್ ಮುಚ್ಚಳ ತೆಗೆದು, ಅಂಗೈಯಲ್ಲಿ ಒಂದು ಸಣ್ಣ ಹಲ್ಲಿನ ಚಕ್ರದ ಎರಡು ಹೋಳುಗಳನ್ನು ಹಿಡಿದುಕೊಂಡು ಹೊರಗೆ ಬಂದರು.

"ಸೆ ಮೆ ಕೆಬ್ರೊ," ಎಂದರು.

ಯಜಮಾನರು ನನ್ನ ಮುಖ ನೋಡಿದರು. ನಾನು ಒಂದು ಗಳಿಗೆಯೂ ಯೋಚಿಸದೆ ಹೇಳಿದೆ: "ಅವ್ರು ಪಿನಿಯನ್ ಮುರಿದು ಹಾಕಿದಾರಂತೆ, ಸಾರ್."

ಯಜಮಾನರ ಮುಖ ಕೆಂಪಾಯಿತು. ಕೊಯ್ದ ಹಣ್ಣನ್ನು ಹಾಗೇ ಬಿಟ್ಟರೆ ಹುಳಿಯುತ್ತದೆ, ವಾಸನೆ ಕಾಫಿಗೆ ಇಳಿಯುತ್ತದೆ.

"ಅಷ್ಟು ದೂರದಿಂದ ಬಂದು ಮುರಿದು ಹಾಕೋದಾ? ಬೇರೆಯವ್ರನ್ನ ಕಳ್ಸಿ ಅಂತ ನಾಳೆನೇ ಕಂಪನಿಗೆ ಬರಿ. ಇವ್ರು ಇನ್ನು ಯಂತ್ರ ಮುಟ್ಟೋದು ಬೇಡ." ಎಂದವರೇ ಶೆಡ್ಡಿನಿಂದಾಚೆ ನಡೆದರು.

ಭಾಷೆ ತಿಳಿಯದಿದ್ದರೂ ಸಿಟ್ಟು ತಿಳಿಯುತ್ತದೆ. "ನೀವು ಅವರಿಗೆ ಏನೆಂದು ಹೇಳಿದಿರಿ?" ಎಂದು ಮೆಕ್ಯಾನಿಕ್ ನನ್ನನ್ನು ಕೇಳಿದರು. ಹೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ತಲೆಯಾಡಿಸಿ, ಪಾಠ ಹೇಳುವ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದರು.

"ಇಲ್ಲ ಅಮ್ಮಾ. ನಾನು ಮುರಿದೆ ಅನ್ನೋದಾದರೆ 'ಲೊ ಕೆಬ್ರೆ' ಅಂತಿದ್ದೆ. ನಾನು ಅಂದದ್ದು 'ಸೆ ಮೆ ಕೆಬ್ರೊ'."

"ಎರಡೂ ಒಂದೇ ಅಲ್ವಾ?" ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಹಟವಿತ್ತು.

ಅವರು ಉತ್ತರಿಸುವ ಮೊದಲೇ ಮೇಸ್ತ್ರಿ ಬಾಯಿ ಹಾಕಿದ. ಅವನು ಆ ಹೋಳುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. "ಮೇಡಂ, ಇವ್ರೆಲ್ಲಿ ಮುರಿದ್ರು? ಪಾಪ, ಇವ್ರ ಕೈಲಿ ಮುರಿದೋಯ್ತು ಅಷ್ಟೆ. ನಾನಿಲ್ಲೇ ಇದ್ನಲ್ಲ."

ಇವರ ಕೈಲಿ ಮುರಿದುಹೋಯಿತು. ಅದನ್ನೇ ಅಲ್ಲವೆ ಮೆಕ್ಯಾನಿಕ್ ಹೇಳಿದ್ದು? ಅಲ್ಲಿ ಮನುಷ್ಯನಿದ್ದಾನೆ, ಅವನ ಕೈಯಿದೆ, ಆದರೆ ತಪ್ಪು ಅವನದಲ್ಲ. ನಮ್ಮ ಮಾತಿನಲ್ಲಿ ಹುಟ್ಟಿದಂದಿನಿಂದ ಕೇಳುತ್ತಾ ಬಂದದ್ದನ್ನು ನಾನು ಆತುರದಲ್ಲಿ ಮತ್ತೆ ಇಂಗ್ಲಿಷಿನ ಬಾಗಿಲಿನಿಂದ ಹಾಯಿಸಿಬಿಟ್ಟಿದ್ದೆ. ನಾಚಿಕೆ, ಜೊತೆಗೆ ನನ್ನ ಮೇಲೇ ಸಿಟ್ಟು.

ಹೋಳುಗಳನ್ನು ಮೇಸ್ತ್ರಿಯ ಕೈಯಿಂದ ತೆಗೆದುಕೊಂಡು, ಕಾಫಿ ಒಣಹಾಕಿದ್ದ ಕಣದ ಅಂಚಿನಲ್ಲಿ ನಿಂತಿದ್ದ ಯಜಮಾನರ ಹತ್ತಿರ ಹೋದೆ. ಹತ್ತಿಪ್ಪತ್ತು ಜನ ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್ ಹರಡುತ್ತಿದ್ದರು. ಅವರೆದುರಿಗೇ ಹೇಳಿದೆ.

"ಸಾರ್, ನಾನು ತಪ್ಪು ಹೇಳ್ದೆ. ಅವ್ರು ಮುರೀಲಿಲ್ಲ. ಅವ್ರ ಕೈಲಿ ಮುರಿದುಹೋಯ್ತು."

"ಮುರಿದಿದ್ದು ಮುರಿದಿದ್ದೇ ಅಲ್ಲ ಮಾರಾಯ್ತಿ? ಅದ್ರಲ್ಲಿ ಎಂತ ವ್ಯತ್ಯಾಸ?"

"ಮೊನ್ನೆ ನಿಮ್ಮ ಕನ್ನಡಕ ಜೀಪಿನ ಬಾಗಿಲಿಗೆ ಸಿಕ್ಕಿತಲ್ಲ ಸಾರ್. ನೀವದನ್ನ ಒಡೆದ್ರಾ, ಒಡೆದುಹೋಯ್ತಾ?"

ಹಾಗೆ ಕೇಳುವಷ್ಟು ಸಲಿಗೆ ನನಗಿತ್ತೋ ಇಲ್ಲವೋ ತಿಳಿಯದು. ಪಾರ್ಚ್‌ಮೆಂಟ್ ಹರಡುತ್ತಿದ್ದವರ ಕೈಗಳು ನಿಂತವು. ಯಜಮಾನರು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು. ಆಮೇಲೆ ಕೈ ಚಾಚಿ ಹೋಳುಗಳನ್ನು ಕೇಳಿ ಪಡೆದರು. ಮುರಿದ ಜಾಗದಲ್ಲಿ ಅರ್ಧ ಹೊಸದಾಗಿ ಹೊಳೆಯುತ್ತಿತ್ತು, ಇನ್ನರ್ಧ ಕಪ್ಪಗಿತ್ತು. ಎರಕ ಹೊಯ್ಯುವಾಗಲೇ ಬಿದ್ದ ಬಿರುಕು.

"ಇದು ಮೊದ್ಲೇ ಸೀಳಿದ್ದು," ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಶೆಡ್ಡಿನ ಕಡೆ ತಿರುಗಿ ಕೇಳಿದರು: "ನಾನು ಅಂದಿದ್ದು ಅವ್ರಿಗೆ ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ಬಾಯಿ ತಪ್ಪಿ ಬಂತು ಅನ್ನೋಕೆ ಅವ್ರಲ್ಲಿ ಎಂತ ಅಂತಾರೆ?"

"ಸೆ ಮೆ ಸಲಿಯೊ."

ಎರಡು ಸಲ ಹೇಳಿಸಿಕೊಂಡು ಕಲಿತು, ಶೆಡ್ಡಿನೊಳಗೆ ಹೋಗಿ, ಮೆಕ್ಯಾನಿಕ್ಕಿನ ಮುಂದೆ ನಿಂತು, ಮಗ್ಗಿ ಒಪ್ಪಿಸುವವರಂತೆ "ಸೆ ಮೆ ಸಲಿಯೊ" ಎಂದರು. ಮೆಕ್ಯಾನಿಕ್ ಒಂದು ಕ್ಷಣ ಬೆರಗಾಗಿ, ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೈ ಕುಲುಕಿದರು.

ಅಷ್ಟಾಗಿಯೂ ಹಣ್ಣು ರಾಶಿ ಬಿದ್ದೇ ಇತ್ತು. ಮೂಲೆಗೆ ಸರಿಸಿದ್ದ ಹಳೆಯ ಕೈ ಪಲ್ಪರನ್ನು ಹೊರಗೆ ಎಳೆದರು. ಮೆಕ್ಯಾನಿಕ್ ಅದನ್ನು ನೋಡಿ, ತಮ್ಮ ಅಜ್ಜನ ಮನೆಯಲ್ಲೂ ಇಂಥದೇ ಇತ್ತೆಂದು ಹೇಳಿ ಮೊದಲ ಸರದಿ ತಾವೇ ತಿರುಗಿಸಿದರು. ಆಮೇಲೆ ಮೇಸ್ತ್ರಿ, ತೋಟದ ಲೆಕ್ಕ ಬರೆಯುವ ರೈಟರು, ಕೊನೆಗೆ ಯಜಮಾನರೂ ತಿರುಗಿಸಿದರು. ನಾನೂ ನೂರು ಸುತ್ತು ತಿರುಗಿಸಿದೆ. ಮಾರನೆಯ ದಿನ ಟೈಪ್ ಮಾಡಲು ಕೈ ಏಳಲಿಲ್ಲ. ಅಂತೂ ಅಂದೇ ಕತ್ತಲಾಗುವ ಮೊದಲು ರಾಶಿ ಕರಗಿತು. ಬೆಳಿಗ್ಗೆ ಮೂಡಿಗೆರೆಯ ಲೇತ್ ಅಂಗಡಿಯಲ್ಲಿ ಹೋಳುಗಳನ್ನು ಜೋಡಿಸಿ ತೋರಿಸಿದೆವು. ಅಂಗಡಿಯವನು ಅಳತೆ ತೆಗೆದು, ಮಧ್ಯಾಹ್ನದೊಳಗೆ ಉಕ್ಕಿನಲ್ಲಿ ಹೊಸ ಪಿನಿಯನ್ ಕಡೆದು ಕೊಟ್ಟ. ಅದು ಆ ಸೀಸನ್ ಪೂರ್ತಿ ಅಲುಗಾಡದೆ ಓಡಿತು.

ಮೆಕ್ಯಾನಿಕ್ ಹೊರಡುವ ಮೊದಲು ಹೊರನಾಡಿನ ದೇವಸ್ಥಾನಕ್ಕೆ ಹೋಗಿ ಊಟ ಮಾಡಿ ಬಂದರು. ಎರಡು ಸಲ ಪಾಯಸ ಹಾಕಿಸಿಕೊಂಡರಂತೆ, ಮೇಸ್ತ್ರಿ ವರದಿ ಮಾಡಿದ.

ಮುಂದಿನ ವರ್ಷಗಳಲ್ಲಿ ಟೈಪಿಂಗ್ ಕಲಿಯುವವರು ಕಡಿಮೆಯಾದರು, ಕಂಪ್ಯೂಟರ್ ಬಂತು. ನನಗೆ ಅದರ ಚಿಂತೆಯಾಗಲಿಲ್ಲ. ದುಭಾಷಿಯ ಕೆಲಸಕ್ಕೆ ಚಿಕ್ಕಮಗಳೂರಿನಿಂದಲೂ ಕರೆ ಬರುತ್ತಿತ್ತು. ಒಮ್ಮೆ ಕಾಫಿ ಬೀಜ ಹದಮಾಡುವ ಅಲ್ಲಿನ ಒಂದು ಕ್ಯೂರಿಂಗ್ ವರ್ಕ್ಸಿಗೆ ಗ್ವಾಟೆಮಾಲಾದ ಒಬ್ಬ ಹೆಂಗಸು ಕಾಫಿ ರುಚಿ ನೋಡಲು ಬಂದರು. ಅವರು ಬಾಯಿ ತೆರೆದರೆ ನಾನು ಪುಸ್ತಕದಲ್ಲೂ ಕಾಣದ, ಮೆಕ್ಯಾನಿಕ್ಕಿನ ಬಾಯಲ್ಲೂ ಕೇಳದ 'ವೊಸ್' ಎಂಬ ಮಾತು. ನೀನು ಎನ್ನುವುದಕ್ಕೆ ಅವರ ಕಡೆ ಹಾಗೆನ್ನುತ್ತಾರಂತೆ, ಅದಕ್ಕೆ ತಕ್ಕಂತೆ ಕ್ರಿಯಾಪದದ ಬಾಲವೂ ಬೇರೆ. ವರ್ಕ್ಸಿನವರು ಆರು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಪೆನ್ಸಿಲು ತೆಗೆದು, "ನಂಗೆ ಇದು ಹೊಸತು, ಇನ್ನೊಂದ್ಸಲ ನಿಧಾನಕ್ಕೆ ಹೇಳಿ" ಎಂದೆ. ಅವರು ಹೇಳಿದರು, ನಾನು ಬರೆದುಕೊಂಡೆ. ಪೂರ್ತಿ ತಿಳಿದ ಮೇಲೆಯೇ ಆ ಆರು ಜನರ ಕಡೆ ತಿರುಗಿದೆ.