ಗದ್ದುಗೆ ಕಂಬಳಿಯ ಮೇಲೆ ಬೂಟುಗಾಲು

ನಮ್ಮ ಮಾವ ಸಿನಿಮಾ ನೋಡೋ ಪೈಕಿ ಅಲ್ಲ. ತುರುವನೂರಿನ ಮನೇಲಿ ಮಗ್ಗದ ಮುಂದೆ ಕುಂತು ಕುರಿ ಉಣ್ಣೆಯ ಕಂಬಳಿ ನೇಯೋದೇ ಅವರ ಲೋಕ. ಅಂಥವರು ಅವತ್ತು ಒಗೆದ ಪಂಚೆ ಉಟ್ಟು, ಸೊಸೆಯಾದ ನನಗಿಂತ ಮುಂಚೆ ಬಸ್‌ಸ್ಟಾಂಡಿಗೆ ಬಂದು ನಿಂತಿದ್ದರು. ದುರ್ಗದ ಟಾಕೀಸಿಗೆ ನಮ್ಮ ಕೋಟೆಯ ಕಥೆಯ ಸಿನಿಮಾ ಬಂದಿತ್ತು. ಅದರಲ್ಲಿ ಮಾವ ನೇಯ್ದ ಕಂಬಳಿಗಳಿದ್ದವು.

ಹಿಂದಿನ ವರ್ಷ ಶೂಟಿಂಗಿನವರು ಮನೆಗೇ ಬಂದು ಕೇಳಿದ್ದರು. ಮನೇಲಿದ್ದ ಆರನ್ನೂ ಮಾವ ಕೊಟ್ಟರು. ಇನ್ನೊಂದು ಬೇಕು ಅಂದಾಗ ಟ್ರಂಕು ತೆಗೆದು, ನನ್ನ ಮಗಳ ಮದುವೆಗೆ ಅಂತ ನೇಯ್ದಿಟ್ಟಿದ್ದ ಬಿಳಿ ಅಂಚಿನ ಕರಿ ಕಂಬಳಿಯನ್ನೂ ಕೊಟ್ಟುಬಿಟ್ಟರು. ನಮ್ಮಲ್ಲಿ ಕಂಬಳಿ ಹಾಸಿ, ಮೇಲೆ ಅಕ್ಕಿ ಹುಯ್ದು ಗದ್ದುಗೆ ಮಾಡಿದರೇನೇ ಮದುವೆ. ಹಾಸಿದ ಕಂಬಳಿಯನ್ನು ಚಪ್ಪಲಿ ಕಾಲಲ್ಲಿ ಯಾರೂ ತುಳಿಯಲ್ಲ, ಅಂಬೆಗಾಲಿನ ಮಗು ಬಿಟ್ಟರೆ ಎಲ್ಲರೂ ಸುತ್ತಿ ಬಳಸಿಯೇ ಹೋಗೋದು. ಬ್ಯಾಡ ಮಾವ ಅಂತ ನಾನು ಗೊಣಗಿದೆ. ನಾಲ್ಕು ದಿನಕ್ಕೆ ವಾಪಸ್ ಬರುತ್ತೆ, ನಾಲ್ಕು ಜನ ನೋಡಲಿ ಬಿಡು ಅಂದರು. ಬಂತು ಕೂಡ, ಒಂದು ಕಲೆ ಇಲ್ಲದೆ.

ಸಿನಿಮಾ ಶುರುವಾಯಿತು. ಬೆಳಗಿನ ಬಿಸಿಲಿಗೆ ನಮ್ಮ ಬಂಡೆಗಳನ್ನು ತೋರಿಸಿದಾಗ ನಿಜಕ್ಕೂ ಮೈ ಜುಮ್ಮೆಂದಿತು. ಆಮೇಲೆ ಬಂದ ಸೈನಿಕರನ್ನು ನೋಡಬೇಕಿತ್ತು, ಥೇಟ್ ಬ್ಯಾಂಡ್‌ಸೆಟ್ಟಿನವರು! ಹೋಗಲಿ ಅಂದುಕೊಂಡೆ. ದರ್ಬಾರಿನಲ್ಲಿ ಬಿಳಿ ಅಂಚು ಕಂಡಿದ್ದೇ ತಡ, ಮಾವ ಖುಷಿಗೆ ನನ್ನ ತೋಳು ಹಿಡಿದುಕೊಂಡರು. ಅಷ್ಟರಲ್ಲಿ ಹೀರೋ ಬೂಟುಗಾಲಲ್ಲಿ ಧಡಧಡ ಬಂದು, ಅದರ ಮೇಲೇ ನಿಂತು ಕತ್ತಿ ಹಿರಿದ. ಟಾಕೀಸಿನ ತುಂಬ ಶಿಳ್ಳೆ. ಮಾವ ಮೆಲ್ಲಗೆ ನನ್ನ ತೋಳು ಬಿಟ್ಟರು.

ನನಗೋ ಸಿಟ್ಟು ಮೂಗಿನ ತುದೀಲೇ ಇರುತ್ತೆ. ಏಳ್ರಿ ಹೋಗಾಣ ಅಂದೆ. ಅವರು ಏಳಲಿಲ್ಲ, ಕೊನೆತನಕ ಕುಂತು ನೋಡಿದರು. ಬಸ್ಸಿನಲ್ಲಿ ನಾನು ಸಿನಿಮಾದವರ ಜನ್ಮ ಜಾಲಾಡುತ್ತಿದ್ದರೆ, ಕುದುರೆ ಓಡಿಸಿದ್ದು ಬಲು ಚೆನ್ನಾಗಿತ್ತು ಅಂತಾರೆ! ಅಷ್ಟೇ ಅಲ್ಲ, ತಪ್ಪು ತಮ್ಮದೂ ಐತಂತೆ. ಉದ್ದ ಎಷ್ಟು, ಅಗಲ ಎಷ್ಟು ಅಂತ ಅವರು ಕೇಳಿದ್ದರು, ಹಾಸಿದ ಮೇಲೆ ಹೆಂಗೆ ನಡೀಬೇಕು ಅಂತ ಕೇಳಿರಲಿಲ್ಲ. ಇದು ಯಾರಿಗೆ ಗೊತ್ತಿರಲ್ಲ ಅಂತ ತಾವೂ ಹೇಳಿರಲಿಲ್ಲವಂತೆ. ಇಂಥ ಮನುಷ್ಯರನ್ನು ಎಲ್ಲಿ ಹುಡುಕಿದರೆ ಸಿಗುತ್ತಾರೆ ಹೇಳಿ. ನಾನು ಈ ಮನೆಗೆ ಬಂದಾಗಿನಿಂದ ಅವರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಿದ್ದನ್ನು ಕಂಡಿಲ್ಲ.

ಆದರೂ ನನ್ನ ಹಟ ನನಗೆ. ಬೂಟುಗಾಲು ತುಳಿದ ಕಂಬಳಿ ಮೇಲೆ ನನ್ನ ಮಗಳು ಕೂರಲ್ಲ, ಪ್ಯಾಟೆಯಿಂದ ಹೊಸದು ತರ್ತೀನಿ ಅಂದುಬಿಟ್ಟೆ. ಮದುವೆಗೆ ಇನ್ನು ಹದಿನೈದು ದಿನ. ಇನ್ನೊಂದು ನೇಯೋಣ ಅಂದರೆ ಅಷ್ಟರಲ್ಲಿ ಮುಗಿಯುವ ಕೆಲಸವಲ್ಲ. ಉಣ್ಣೆಗೆ ಮೈಲಿಗೆ ಇಲ್ಲ ಕಣಮ್ಮ ಅಂತ ಮಾವ ಒಂದು ಸಲ ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಅವರು ಮಗ್ಗದ ಕಡೆ ಹೋಗಲಿಲ್ಲ, ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟು ಎದ್ದರು.

ಮೂರನೇ ದಿನ ನಾನು ಪ್ಯಾಟೆಗೆ ಹೊರಟು ಚೀಲ ಹಿಡಿದು ನಿಂತಿದ್ದೆ. ಮಾವ ಆ ಕಂಬಳಿ ತಂದು ನನ್ನ ಮುಂದಿಟ್ಟರು. ದನಿ ಏರಿಸಲಿಲ್ಲ.

"ಅವರು ಗೊತ್ತಿಲ್ಲದೆ ತುಳಿದ್ರು ಕಣಮ್ಮ. ನೀನು ಗೊತ್ತಿದ್ದೂ ತುಳೀತಿದೀಯ."

ಸಿನಿಮಾದವರನ್ನು ಬೈದಿದ್ದೆಲ್ಲ ತಿರುಗಿ ನನಗೇ ಬಡಿದ ಹಾಗಾಯಿತು. ಚೀಲ ಗೂಟಕ್ಕೆ ಹಾಕಿದೆ. ಮದುವೆ ದಿನ ಆ ಕಂಬಳಿಯನ್ನು ಯಾರ ಕೈಗೂ ಕೊಡದೆ, ಕಣ್ಣಿಗೆ ಒತ್ತಿಕೊಂಡು ನಾನೇ ಹಾಸಿದೆ.