ಎಣ್ಣೆ ಮೇಷ್ಟ್ರ ಮೂವತ್ತೆರಡನೇ ಎಂಜಿನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಷೆಡ್ಡಿನ ಶಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಹಳೆಯ ಕಾಲದ ಲಾರಿಯೊಂದರ ಪಕ್ಕ ಅರವತ್ತೆಂಟರ ಹಿರಿಯರೊಬ್ಬರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಮೂರು ಡಬ್ಬಿ ಎಣ್ಣೆ, ಕೈಯಲ್ಲೊಂದು ಸ್ಟೀಲ್ ಚಮಚ. ಚಮಚ ಅದ್ದಿ ಎತ್ತುತ್ತಾರೆ, ಎಣ್ಣೆ ದಾರದ ಹಾಗೆ ಇಳಿಯುತ್ತದೆ, ದಾರ ಕಡಿಯುವವರೆಗೂ ತುಟಿಯಲ್ಲೇ ಎಣಿಸುತ್ತಾರೆ. ಕೊನೆಗೆ ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ ನೋಡಿ, ಮೂರನೇ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

“ಬಿಸಿಲೇರಿದ ಮೇಲೆ ಎಲ್ಲಾ ಎಣ್ಣೆನೂ ಚೆನ್ನಾಗೇ ಓಡುತ್ತೆ. ಯಾವ್ದು ಮೈಗಳ್ಳ ಅಂತ ಗೊತ್ತಾಗೋದು ಬೆಳಗಿನ ಚಳೀಲೇ,” ಎನ್ನುತ್ತಾರೆ.

ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದ ಇವರನ್ನು ಊರೆಲ್ಲ ‘ಎಣ್ಣೆ ಮೇಷ್ಟ್ರು’ ಎಂದೇ ಕರೆಯುತ್ತದೆ. ಗುಜರಿಗೆ ಹೋಗಬೇಕಾದ ಹಳೆಯ ಲಾರಿ ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಬಣ್ಣ ಬಳಿದು, ಅದಕ್ಕೆ ಒಗ್ಗುವ ಎಣ್ಣೆ ಹಾಕಿ ಮತ್ತೆ ಉಸಿರಾಡಿಸುವುದು ಇವರ ಕಸುಬು. ಒಂದು ಎಂಜಿನ್ನಿಗೆ ನಾಲ್ಕೈದು ತಿಂಗಳು ಹಿಡಿಯುತ್ತದೆ. ಇಲ್ಲಿಯವರೆಗೆ ಮೂವತ್ತೊಂದು ಮುಗಿಸಿದ್ದಾರೆ. ಹಳೆಯ ವಾಹನಗಳ ಮೆರವಣಿಗೆಯಲ್ಲಿ ಬಹುಮಾನ ಹೊಡೆಯುವ ಮಾಲೀಕರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಮೇಷ್ಟ್ರು ಆ ಫೋಟೊದಲ್ಲಿ ಬಾನೆಟ್ಟಿನ ಒಳಗಡೆ ಇರುತ್ತಾರೆ.

ಇವತ್ತಿನದು ಮೂವತ್ತೆರಡನೆಯದು. ಇದರ ಮಾಲೀಕರು ಬೇರೆ ಯಾರೂ ಅಲ್ಲ, ಹೆಂಡತಿಯ ಅಣ್ಣ. ಇಪ್ಪತ್ತೆರಡು ವರ್ಷಗಳಿಂದ ಮೇಷ್ಟ್ರ ಜೊತೆ ಒಂದೇ ಒಂದು ಮಾತಾಡದ ಭಾವ.

ಒಂದು ಕಾಲದಲ್ಲಿ ಇವರಿಬ್ಬರದು ಬಿಟ್ಟಿರಲಾರದ ಜೋಡಿ. ಭಾವ ಲೋಡು ಇಳಿಸಿ ಬಂದರೆ ಮನೆಗೆ ಹೋಗುವ ಮೊದಲು ಷೆಡ್ಡಿಗೆ ಬರುತ್ತಿದ್ದರು. ಎಂಜಿನ್ ಓಡುತ್ತಿರುವಂತೆಯೇ ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿ, ಯಾವುದೋ ಸಣ್ಣ ಸದ್ದಿನ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಸುತ್ತಿದ್ದರು. ಆಗೆಲ್ಲ ಲಾರಿ ಕೆಟ್ಟರೆ ಡ್ರೈವರಿಗೇ ಜ್ವರ ಬಂದಷ್ಟು ಸಂಕಟವಾಗುತ್ತಿತ್ತು. ಆ ದಿನಗಳ ಮಾತು ಬಂದರೆ ಮೇಷ್ಟ್ರ ಕೈ ಕೆಲಸ ನಿಲ್ಲಿಸಿಬಿಡುತ್ತದೆ.

ಎಡವಟ್ಟಾಗಿದ್ದು ಪ್ರೀತಿಯಿಂದಲೇ. ಮಾರುಕಟ್ಟೆಗೆ ಆಗಷ್ಟೇ ಹೊಸ ಬಗೆಯ ದುಬಾರಿ ಎಣ್ಣೆ ಬಂದಿತ್ತು. ಭಾವನ ಲಾರಿಗೆ ಒಳ್ಳೆಯದನ್ನೇ ಕುಡಿಸೋಣ ಎಂದು ಮೇಷ್ಟ್ರು ಹಳೆಯದನ್ನು ಇಳಿಸಿ ಅದನ್ನು ತುಂಬಿಸಿದರು. ಎಂಜಿನ್ನಿನ ತಳದ ತೊಟ್ಟಿಯನ್ನು ಬಿಚ್ಚಿ ತೊಳೆಯಲಿಲ್ಲ. ಹೊಸ ಎಣ್ಣೆಗೆ ಕೊಳೆ ಬಿಡಿಸುವ ಗುಣ. ವರ್ಷಗಟ್ಟಲೆ ಒಳಗೆ ಅಂಟಿಕೊಂಡಿದ್ದ ಗಸಿಯೆಲ್ಲ ಎದ್ದು ಹೋಗಿ ಎಣ್ಣೆ ಸೋಸುವ ಜಾಲರಿಗೆ ಮೆತ್ತಿಕೊಂಡಿತು. ಮೂರನೇ ದಿನ ತುಂಬಿದ ಲೋಡಿನಲ್ಲಿ ಏರು ಹತ್ತುವಾಗ ಎಣ್ಣೆ ಮೇಲೆ ಬಾರದೆ ಬೇರಿಂಗುಗಳು ಕರಗಿ, ಎಂಜಿನ್ ಕಚ್ಚಿಕೊಂಡು ನಿಂತಿತು.

“ಚೆನ್ನಾಗಿ ಓಡ್ತಿದ್ದ ಗಾಡೀನ ನನ್ನ ಕೈಯಾರೆ ಕೊಂದೆ,” ಎನ್ನುತ್ತಾರೆ ಮೇಷ್ಟ್ರು. “ತಪ್ಪಾಯ್ತು ಅಂತ ಆವತ್ತೇ ಹೇಳ್ಬೇಕಿತ್ತು. ಎಣ್ಣೆದೇ ದೋಷ ಅಂತ ವಾದ ಮಾಡ್ದೆ. ಅದೇ ಅವರಿಗೆ ನೋವಾಗಿದ್ದು.”

ಸ್ವಂತ ಲಾರಿಯ ಮಾಲೀಕರಾಗಿದ್ದ ಭಾವ ಆಮೇಲೆ ಕಂಡವರ ಲಾರಿ ಓಡಿಸಿಕೊಂಡೇ ಮುದುಕರಾದರು. ತಂಗಿಯ ಮನೆಗೆ ಬರುವುದನ್ನು ಮಾತ್ರ ಬಿಡಲಿಲ್ಲ. ಊಟಕ್ಕೆ ಮೇಷ್ಟ್ರ ಎದುರಿಗೇ ಕೂರುತ್ತಾರೆ. “ನಿನ್ನ ಗಂಡನಿಗೆ ಹೇಳು, ಫ್ಯಾನು ಜೋರು ಮಾಡ್ಲಿ” ಎನ್ನುತ್ತಾರೆ. ಕೈಗೆಟಕುವ ದೂರದಲ್ಲಿರುವ ಇಬ್ಬರು ಗಂಡಸರ ನಡುವೆ ಮಾತು ಸಾಗಿಸಿ ಸಾಗಿಸಿ ಆ ಹೆಣ್ಣುಮಗಳು ಸುಸ್ತಾಗಿದ್ದಾರೆ. ನೆಂಟರಿಷ್ಟರು ಇವರದು ಎಣ್ಣೆ ಸೀಗೆಕಾಯಿ ಸಂಬಂಧ ಎಂದು ನಗುತ್ತಾರೆ. ಮೇಷ್ಟ್ರಿಗೆ ನಗು ಬರುವುದಿಲ್ಲ.

ಕೆಟ್ಟ ಲಾರಿ ಷೆಡ್ಡಿನ ಹಿಂದೆಯೇ ನಿಂತಿತ್ತು. ಊರಿನವರ ಎಂಜಿನ್ನೆಲ್ಲ ಬಿಚ್ಚಿದ ಮೇಷ್ಟ್ರಿಗೆ ಇದನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲ. ಹೋದ ವರ್ಷ ಬಲಗಣ್ಣು ಮಂಜಾದಾಗ ಹೆಂಡತಿಯೇ ಒತ್ತಾಯ ಮಾಡಿದರು: “ರೀ, ಇನ್ನೊಂದು ಕಣ್ಣು ಇರೋವಾಗ್ಲೇ ಅದನ್ನ ಮುಗಿಸಿಬಿಡಿ.”

ಬಣ್ಣದ ವಿಷಯಕ್ಕೆ ಬಂದರೆ ಮೇಷ್ಟ್ರಿಗೂ ಮೇಷ್ಟ್ರು ಈ ಹೆಂಡತಿ. ಸೀಮೆಎಣ್ಣೆ, ತಂತಿ ಬ್ರಷ್ಷು ಹಿಡಿದು ಜಿಡ್ಡು ಬಿಡಿಸುವುದಕ್ಕೇ ಹನ್ನೊಂದು ದಿನ ಹಿಡಿಯಿತು. ಎಂಜಿನ್ನಿನ ನಂಬರಿನ ಪಟ್ಟಿ ಬಿಚ್ಚಿದಾಗ ಅದರ ಹಿಂದೆ ಹೆಬ್ಬೆರಳಗಲ ಮೊದಲಿನ ಬಣ್ಣ ಸಿಕ್ಕಿತು, ಹಸಿರು ಬೆರೆತ ಬೂದುಬಣ್ಣ. ಅದಕ್ಕೆ ಹೊಂದಿಸಿ ಮೇಷ್ಟ್ರು ಏಳು ಸಲ ಕಲಸಿದರು, ಏಳು ಸಲವೂ ಹೆಂಡತಿ ಒಪ್ಪಲಿಲ್ಲ.

“ಮದುವೆಗೆ ಮುಂಚೆ ಪ್ರತಿ ಭಾನುವಾರ ಈ ಎಂಜಿನ್ ಒರೆಸ್ತಿದ್ದೋಳು ನಾನು,” ಎನ್ನುತ್ತಾರೆ ಅವರು. “ಮುಖ ಕಾಣೋ ಹಾಗೆ ಒರೆಸು ಅಂತಿದ್ದ ಅಣ್ಣ. ಆ ಬಣ್ಣ ನನಗೆ ಮರೆಯುತ್ತಾ?” ಎಂಟನೇ ಸಲ ಹೂಂ ಎಂದರು. ತೆಳ್ಳಗೆ ಮೂರು ಕೈ ಬಳಿದಿದ್ದಾರೆ. ದಪ್ಪ ಬಳಿದರೆ ಎಂಜಿನ್ನಿಗೆ ಕಂಬಳಿ ಹೊದಿಸಿದ ಹಾಗೆ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ ಎನ್ನುವುದು ಮೇಷ್ಟ್ರ ಲೆಕ್ಕ.

ತಂಗಿ ಹೇಳಿಕಳಿಸಿದ್ದಕ್ಕೆ ಎಂಟು ಗಂಟೆಗೆ ಭಾವ ಬರುತ್ತಾರೆ. ಎಪ್ಪತ್ತಾರು ವರ್ಷ, ಇಸ್ತ್ರಿ ಮಾಡಿದ ಅಂಗಿ, ಊದಿಸಿಕೊಂಡ ಮುಖ. ಲಾರಿಯ ಸುತ್ತ ಒಂದು ಸುತ್ತು ಹಾಕುತ್ತಾರೆ. ಎಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ಯಾರೂ ಹೇಳದೆಯೇ ಡ್ರೈವರ್ ಸೀಟಿಗೆ ಹತ್ತುತ್ತಾರೆ. ಇಷ್ಟು ದಿನ ಕೈಯಿಂದ ತಿರುಗಿಸಿ ನೋಡಿದ್ದ ಮೇಷ್ಟ್ರು ಒಮ್ಮೆಯೂ ಚಾಲೂ ಮಾಡಿಲ್ಲ. ಮೊದಲ ಸದ್ದು ಭಾವನೇ ಕೇಳಲಿ ಎಂದು.

ಮೊದಲ ಸಲ ಕೆಮ್ಮು. ಎರಡನೇ ಸಲ ಬಿಳಿ ಹೊಗೆ. ಮೂರನೇ ಸಲಕ್ಕೆ ತಗಡಿನ ಷೆಡ್ಡೇ ನಡುಗುವಂತೆ ಎಂಜಿನ್ ಎದ್ದು ನಿಲ್ಲುತ್ತದೆ. ಭಾವನ ಕಣ್ಣು ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ನಿಧಾನಕ್ಕೆ ಮೇಲೆ ಹತ್ತಿ ನಡುವಿಗೆ ಬಂದು ನಿಲ್ಲುತ್ತದೆ, ಅಲುಗುವುದಿಲ್ಲ.

ಭಾವ ಇಳಿದು ತಂಗಿಯ ಕಡೆ ತಿರುಗಿ ಏನೋ ಹೇಳುತ್ತಾರೆ. ತಂಗಿ ಕಿವಿ ಮುಟ್ಟಿ ತೋರಿಸಿ ಕೂಗುತ್ತಾರೆ: “ಈ ಸದ್ದಲ್ಲಿ ನನಗೇನೂ ಕೇಳಿಸ್ತಿಲ್ಲ ಅಣ್ಣ. ನೀನೇ ಹೇಳ್ಕೋ.”

ಭಾವ ಒಂದು ಗಳಿಗೆ ಅತ್ತಿತ್ತ ನೋಡುತ್ತಾರೆ. ಆಮೇಲೆ ಎರಡು ಹೆಜ್ಜೆ ನಡೆದು ಬಂದು ಮೇಷ್ಟ್ರ ಕಿವಿಗೆ ಬಾಯಿಡುತ್ತಾರೆ. “ಯಾವ ಎಣ್ಣೆ ಹಾಕಿದ್ರಿ ಭಾವ?”

“ಮೊದಲಿಂದ ಹಾಕ್ತಿದ್ರಲ್ಲ, ಅದೇ ನಲವತ್ತನೇ ನಂಬರು,” ಮೇಷ್ಟ್ರು ಕೂಗುತ್ತಾರೆ. “ಈ ಸಲ ತಳ ಬಿಚ್ಚಿ ತೊಳೆದಿದ್ದೀನಿ. ಆವತ್ತು ತೊಳೀದೇ ಇದ್ದಿದ್ದು ನನ್ನದೇ ತಪ್ಪು.”

ಭಾವ ತಲೆಯಾಡಿಸಿ, ಬಾನೆಟ್ಟಿನೊಳಗೆ ಬಗ್ಗಿ, ಯಾವುದೋ ಸದ್ದಿನ ಕಡೆ ಬೆರಳು ತೋರಿಸುತ್ತಾರೆ. ಮೇಷ್ಟ್ರೂ ಬಗ್ಗುತ್ತಾರೆ. ಅಲ್ಲಿಂದ ಮುಂದಿನ ಚರ್ಚೆ ಅವರಿಬ್ಬರಿಗೇ ಅರ್ಥವಾಗುವಂಥದ್ದು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಹಳೆಬಟ್ಟೆಯಲ್ಲಿ ಕೈ ಒರೆಸುತ್ತ, ಕಣ್ಣೂ ಒರೆಸುತ್ತ ಬಾಗಿಲಿಗೆ ಬರುತ್ತಾರೆ. ಮೊದಲ ದಿನ ಎಂಜಿನ್ನನ್ನು ಇಷ್ಟು ಹೊತ್ತು ಓಡಿಸಬಹುದೇ ಎಂದರೆ ಮೆಲ್ಲಗೆ ನಗುತ್ತಾರೆ.

“ಹತ್ತು ನಿಮಿಷ ಸಾಕು, ಬಂದ್ ಮಾಡ್ಬೇಕಿತ್ತು. ಆದ್ರೆ ಸದ್ದು ನಿಂತ್ರೆ ಭಾವ ಮತ್ತೆ ನಮ್ಮವಳಿಗೇ ಹೇಳೋಕೆ ಶುರು ಮಾಡಿದ್ರೆ? ಓಡ್ಲಿ ಬಿಡಿ ಇನ್ನೊಂದು ಸ್ವಲ್ಪ.”