ಕಾಫಿ ಕುಡಿಯದವನು ತುಳಿಯಲಿ

ನಮ್ಮ ಕಡೆ ‘ಕಾಫಿ ಕುಡೀತೀರಾ?’ ಎಂಬುದು ಪ್ರಶ್ನೆಯೇ ಅಲ್ಲ. ಉತ್ತರ ಬಾಯಿಗೆ ಬರುವ ಮೊದಲೇ ಲೋಟ ಕೈಗೆ ಬಂದಿರುತ್ತದೆ. ಬೇಡವೆಂದರೆ ಆತಿಥ್ಯಕ್ಕೆ ಅಪಚಾರ, ಅರ್ಧ ಬಿಟ್ಟರೆ ಮನೆಯೊಡತಿಯ ಮುಖಕ್ಕೆ ಗ್ರಹಣ. ಈ ಸಂಪ್ರದಾಯದ ಪರಮನಿಷ್ಠ ನಾನು. ನನ್ನ ಮೂತ್ರಪಿಂಡಗಳು ಮಾತ್ರ ನಾಸ್ತಿಕವಾದವು.

ಚಿಕ್ಕಮಗಳೂರಿನಲ್ಲಿ ಡಯಾಲಿಸಿಸ್ ಮುಗಿಸಿ ಆಲ್ದೂರಿಗೆ ಮರಳಿದರೆ, ಪಕ್ಕದ ಮನೆಯಲ್ಲೇ ಇರುವ ನಮ್ಮಕ್ಕ ಬೆಲ್ಲದ ಕಾಫಿ ಹಿಡಿದು ನಮ್ಮ ಜಗಲಿಯಲ್ಲೇ ಕಾದಿರುತ್ತಿದ್ದಳು. ಅದನ್ನು ಹೀರಿ ನಾನು ಆರಾಮಕುರ್ಚಿಗೆ ಶರಣಾಗುತ್ತಿದ್ದೆ. ನಮ್ಮ ವಂಶದಲ್ಲೇ ಸಕ್ಕರೆ ಕಾಯಿಲೆ ಇಲ್ಲವೆಂಬ ಜಂಬ ಬೇರೆ!

ಆ ಜಂಬವನ್ನು ಡಾಕ್ಟರಮ್ಮ ಇಳಿಸಿದರು. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ಇನ್ಸುಲಿನ್ ಇಲ್ಲದೆ ಅಲ್ಲ, ಇದ್ದರೂ ಮೈ ಅದರ ಮಾತು ಕೇಳುತ್ತಿಲ್ಲ, ಕಿಡ್ನಿ ಸೋತವರಲ್ಲಿ ಹೀಗಾಗುವುದುಂಟು ಎಂದರು. ಮೇಸ್ತ್ರಿ ಎಷ್ಟು ಕೂಗಿದರೂ ಮರದಡಿ ಕೂತ ಆಳುಗಳು ಏಳದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಬೆಲ್ಲ ಬಿಡಿ, ಕಾಫಿ ಗುಟುಕಿಗಿಳಿಸಿ, ದಿನವೂ ನಡೆಯಿರಿ. ಮುಂದಿನ ಪರೀಕ್ಷೆಯೊಳಗೆ ಇಳಿಯದಿದ್ದರೆ ಇನ್ಸುಲಿನ್ ಸೂಜಿ ಎಂದು ಅಪ್ಪಣೆಯಾಯಿತು. ಡಯಾಲಿಸಿಸ್ಸಿನ ದಬ್ಬಣದಂಥ ಸೂಜಿಗೆ ಕೈಯೊಡ್ಡುವ ಶೂರನಾದ ನಾನು ಈ ಸಣ್ಣ ಸೂಜಿಗೆ ಹೆದರಿದೆ. ಅದಕ್ಕಿಂತ ಹೆದರಿದ್ದು ಅಕ್ಕನಿಗೆ ಹೇಳುವುದಕ್ಕೆ.

ಹೇಳಿದೆ. ಅವಳು ಲೋಟ ಒಳಗಿಟ್ಟು ಬಂದು ಮೆಲ್ಲಗೆ ಕೇಳಿದಳು: “ಇಷ್ಟು ದಿನ ಬೆಲ್ಲ ಹಾಕಿ ಕೊಟ್ಟವ್ಳು ನಾನೇ ಅಲ್ವಾ?” ನಿನ್ನ ಕಾಫಿಯಿಂದಲ್ಲ, ನನ್ನ ಕುರ್ಚಿಯಿಂದ ಎಂದು ಎಷ್ಟು ಸಮಾಧಾನ ಹೇಳಿದರೂ ಅವಳು ಎರಡು ದಿನ ನಮ್ಮ ಜಗಲಿ ಹತ್ತಲಿಲ್ಲ.

ಮೂರನೆಯ ಬೆಳಿಗ್ಗೆ ಬಂದವಳೇ ಕಣದಲ್ಲಿ ಹರಡಿದ್ದ ನಮ್ಮ ತೋಟದ ಕಾಫಿ ಬೀಜ ತೋರಿಸಿದಳು. ಒಣಗಲು ಹಾಕಿದ ಬೀಜವನ್ನು ಆಗಾಗ ಅದರ ಮೇಲೆ ನಡೆದು, ಕಾಲಲ್ಲೇ ಸಾಲು ಬಿಡಿಸಿ ಮಗುಚುವುದು ನಮ್ಮ ರೂಢಿ.

“ಕುಡಿಯೋಕಾಗ್ದಿದ್ರೆ ತುಳಿ ಮಾರಾಯ. ನಡೀ ಅಂದಿದಾರಲ್ಲ ಡಾಕ್ಟ್ರು.”

ಕಾಲುಚೀಲ ತೊಟ್ಟು ಕಣಕ್ಕಿಳಿದೆ. ಸಾಲು ಸೊಟ್ಟಗಾದರೆ ಜಗಲಿಯಿಂದಲೇ ಅಕ್ಕನ ಬೈಗುಳ, ನಿಂತರಂತೂ ಮುಗಿಯಿತು. ಆ ಸುಗ್ಗಿಯಷ್ಟು ಸಮವಾಗಿ ನಮ್ಮ ಕಾಫಿ ಎಂದೂ ಒಣಗಿರಲಿಕ್ಕಿಲ್ಲ. ಮೈಯೊಳಗಿನ ಆಳುಗಳೂ ಮೇಸ್ತ್ರಿಯ ಮಾತಿಗೆ ಕಿವಿಗೊಟ್ಟಿರಬೇಕು, ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಸದ್ಯಕ್ಕೆ ಸೂಜಿ ಬೇಡ, ನಡಿಗೆ ಬಿಡಬೇಡಿ ಎಂದರು ಡಾಕ್ಟರಮ್ಮ.

ಸುದ್ದಿ ಕೇಳಿ ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದಳು. ಕಾಫಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು, “ಕಾಫಿ ಕುಡೀತೀಯೇನೋ?” ಎಂದಳು. ಲೋಟಕ್ಕೆ ಸುರಿಯಲಿಲ್ಲ; ನಾನು ಹುಟ್ಟಿದಾಗಿನಿಂದ ಮೊದಲ ಸಲ, ನನ್ನ ಉತ್ತರಕ್ಕೆ ಕಾದು ನಿಂತಳು.